ರಿಯಾಕ್ಟರಿನ ಉಕ್ಕಿಗೂ ವಯಸ್ಸಾಗುತ್ತೆ, ಆದರೆ ಕ್ಯಾಲೆಂಡರ್ ಪ್ರಕಾರ ಅಲ್ಲ!

1978ರ ಮಾರ್ಚ್ 20. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೊ ನಗರಕ್ಕೆ ಹತ್ತಿರದ ರಾಂಚೊ ಸೆಕೊ ಅಣುವಿದ್ಯುತ್ ಸ್ಥಾವರ. ಕಂಟ್ರೋಲ್ ರೂಮಿನ ಪ್ಯಾನೆಲ್‌ನಲ್ಲಿ ಒಂದು ಪುಟ್ಟ ಬಲ್ಬ್ ಬದಲಿಸಬೇಕಿತ್ತು. ಬದಲಿಸುವಾಗ ಅದು ಕೈಜಾರಿ ಪ್ಯಾನೆಲ್ ಒಳಗೆ ಬಿತ್ತು. ಶಾರ್ಟ್ ಸರ್ಕಿಟ್! ಒತ್ತಡ ಎಷ್ಟಿದೆ, ಬಿಸಿ ಎಷ್ಟಿದೆ ಅಂತ ತೋರಿಸುವ ಉಪಕರಣಗಳಲ್ಲಿ ಬಹುಪಾಲು ಒಂದೇ ಏಟಿಗೆ ಕಣ್ಣುಮುಚ್ಚಿದವು.

ಆಮೇಲೆ ಒಂದು ಗಂಟೆ ಚಿಲ್ಲರೆ ಹೊತ್ತಿನಲ್ಲಿ ರಿಯಾಕ್ಟರಿನ ನೀರು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಿಂದ 140ರ ಹತ್ತಿರಕ್ಕೆ ಇಳಿದುಬಿಟ್ಟಿತು. ಒಳಗಿನ ಒತ್ತಡ ಮಾತ್ರ ಇಳಿಯಲಿಲ್ಲ.

ತಣ್ಣಗಾದರೆ ಒಳ್ಳೆಯದೇ ಅಲ್ವಾ ಅಂತ ನಮಗೆ ಅನ್ನಿಸುತ್ತೆ. ಅಣುಸ್ಥಾವರ ಅಂದರೆ ಬಿಸಿಯಾಗಿ ಕರಗುವ ಭಯ ತಾನೇ? ಆದರೆ ಆ ದಿನದ ನಂತರ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ತಣ್ಣಗಾಗುವ ಭಯ. ಉರಿಯುವ ಲಾಟೀನಿನ ಗಾಜಿಗೆ ಎರಡು ಹನಿ ನೀರು ಬಿದ್ದರೆ ಟಪ್ ಅಂತ ಒಡೆಯುತ್ತಲ್ಲ, ಹಾಗೆ. ರಿಯಾಕ್ಟರಿನ ದಪ್ಪ ಉಕ್ಕಿನ ಗೋಡೆಯ ಒಳಮೈ ಹಠಾತ್ತನೆ ತಣ್ಣಗಾಗಿ ಕುಗ್ಗಲು ನೋಡುತ್ತೆ, ಹೊರಮೈ ಇನ್ನೂ ಬಿಸಿಯಾಗಿದ್ದು ಕುಗ್ಗಲು ಬಿಡುವುದಿಲ್ಲ. ಒಳಮೈಯನ್ನು ಎರಡೂ ಕಡೆಯಿಂದ ಎಳೆದು ಹಿಡಿದಂತಾಗುತ್ತೆ. ಅದರ ಮೇಲೆ ಒಳಗಿನ ಒತ್ತಡ ಬೇರೆ. ಅಲ್ಲೊಂದು ಕೂದಲೆಳೆಯ ಬಿರುಕು ಇದ್ದರೆ?

ರಾಂಚೊ ಸೆಕೊದಲ್ಲಿ ಏನೂ ಆಗಲಿಲ್ಲ. ಆ ಪಾತ್ರೆ ಇನ್ನೂ ಹೊಸದು, ಉಕ್ಕು ತಾಳಿಕೊಂಡಿತು. ಇದೇ ಘಟನೆ ಮೂವತ್ತು ವರ್ಷ ಓಡಿದ ರಿಯಾಕ್ಟರಿನಲ್ಲಿ ಆಗಿದ್ದರೆ? ಆ ಪ್ರಶ್ನೆಗೆ ಉತ್ತರ ಹುಡುಕಲು ಉಕ್ಕಿನ ಒಳಗೇ ಇಳಿದು ನೋಡಬೇಕಾಯಿತು.

ಬದಲಿಸಲಾಗದ ಒಂದೇ ವಸ್ತು

ಜಗತ್ತಿನ ಬಹುಪಾಲು ಅಣುಸ್ಥಾವರಗಳಲ್ಲಿ ಯುರೇನಿಯಂ ಇಂಧನ ಕೂರುವುದು ಒಂದು ದೈತ್ಯ ಉಕ್ಕಿನ ಪಾತ್ರೆಯೊಳಗೆ. ಪ್ರೆಶರ್ ವೆಸೆಲ್ ಅಂತ ಹೆಸರು. ನಮ್ಮ ಮನೆಯ ಕುಕ್ಕರಿನ ದೊಡ್ಡಣ್ಣ ಅನ್ನಿ. ಕುಕ್ಕರಿನೊಳಗೆ ಒತ್ತಡ ಹೊರಗಿನ ಗಾಳಿಯ ಎರಡು ಪಟ್ಟು ಇದ್ದರೆ ಇಲ್ಲಿ 150 ಪಟ್ಟು. ಗೋಡೆಯ ದಪ್ಪ ಸುಮಾರು 20 ಸೆಂಟಿಮೀಟರ್, ತೂಕ ನೂರಾರು ಟನ್.

ಸ್ಥಾವರದಲ್ಲಿ ಪಂಪು, ಕೊಳವೆ, ಟರ್ಬೈನು, ಭಾರಿ ಗಾತ್ರದ ಸ್ಟೀಮ್ ಜನರೇಟರ್ ಸಹ ಬದಲಿಸಬಹುದು. ಈ ಪಾತ್ರೆಯನ್ನು ಮಾತ್ರ ಬದಲಿಸುವುದಿಲ್ಲ. ಕಾಂಕ್ರೀಟಿನ ಹೊಟ್ಟೆಯಲ್ಲಿ ಅದನ್ನು ಕೂರಿಸಿಯೇ ಸುತ್ತಲಿನದ್ದೆಲ್ಲ ಕಟ್ಟಿರುತ್ತಾರೆ. ಅದರ ಆಯಸ್ಸೇ ಸ್ಥಾವರದ ಆಯಸ್ಸು.

ಅದರ ಆಯಸ್ಸು ತಿನ್ನುವುದು ನ್ಯೂಟ್ರಾನ್. ಯುರೇನಿಯಂ ಒಡೆದಾಗ ಹೊರಬೀಳುವ ನ್ಯೂಟ್ರಾನ್‌ಗಳು ಸೆಕೆಂಡಿಗೆ ಸುಮಾರು 20 ಸಾವಿರ ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. ವಿದ್ಯುದಾವೇಶ ಇಲ್ಲದ್ದರಿಂದ ಎಲೆಕ್ಟ್ರಾನ್‌ಗಳ ಗೊಡವೆಗೆ ಹೋಗದೆ ನೇರ ಪರಮಾಣುವಿನ ನಡುಗುಂಡಿಗೆಗೇ ಗುದ್ದಬಲ್ಲವು. ನಡುವೆ ಇರುವ ನೀರು ಬಹುಪಾಲು ನ್ಯೂಟ್ರಾನ್‌ಗಳ ವೇಗ ಇಳಿಸುತ್ತೆ ನಿಜ. ತಪ್ಪಿಸಿಕೊಂಡ ಒಂದಿಷ್ಟು ಉಕ್ಕಿನ ಗೋಡೆಗೆ ಬಂದು ಬಡಿಯುತ್ತವೆ, ಹಗಲೂ ರಾತ್ರಿ, ವರ್ಷಗಟ್ಟಲೆ.

ಕೇರಂ ಬೋರ್ಡ್ ಕಲ್ಪಿಸಿಕೊಳ್ಳಿ. ಒಂದು ವ್ಯತ್ಯಾಸ: ಇಲ್ಲಿ ಸ್ಟ್ರೈಕರ್ ಹಗುರ, ಕಾಯಿಗಳೇ ಭಾರ. ಕಬ್ಬಿಣದ ಪರಮಾಣು ನ್ಯೂಟ್ರಾನ್‌ಗಿಂತ 56 ಪಟ್ಟು ತೂಕದ್ದು. ಆದರೂ ಆ ವೇಗಕ್ಕೆ ಮೊದಲ ಪರಮಾಣು ತನ್ನ ಜಾಗ ಬಿಟ್ಟು ಚಿಮ್ಮುತ್ತೆ, ಪಕ್ಕದವಕ್ಕೆ ಗುದ್ದುತ್ತೆ, ಅವು ಇನ್ನಷ್ಟಕ್ಕೆ. ಒಂದೇ ಏಟಿಗೆ ನೂರಾರು ಪರಮಾಣುಗಳು ಚೆಲ್ಲಾಪಿಲ್ಲಿ. ಇಷ್ಟೆಲ್ಲ ನಡೆಯುವುದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಕೆಲವೇ ಭಾಗಗಳಲ್ಲಿ, ಉಕ್ಕಿನ ಕೆಲವೇ ನ್ಯಾನೊಮೀಟರ್ ಜಾಗದಲ್ಲಿ.

ಆಶ್ಚರ್ಯ ಅಂದರೆ ಹೆಚ್ಚಿನ ಪರಮಾಣುಗಳು ಅಷ್ಟೇ ಬೇಗ ಯಾವುದೋ ಖಾಲಿ ಜಾಗ ಹಿಡಿದು ಕೂತುಬಿಡುತ್ತವೆ. ಲೋಹ ತನ್ನ ಗಾಯ ತಾನೇ ಮಾಯಿಸಿಕೊಳ್ಳುತ್ತೆ. ಕೊನೆಗೆ ಉಳಿಯುವುದು ಒಂದಷ್ಟು ಖಾಲಿ ಸೀಟುಗಳು, ಸೀಟಿಲ್ಲದೆ ಸಂದಿಯಲ್ಲಿ ತೂರಿಕೊಂಡ ಅಷ್ಟೇ ಪರಮಾಣುಗಳು. ನಾಲ್ಕೈದು ದಶಕ ಓಡಿದ ಪಾತ್ರೆಯ ಒಳಮೈಯಲ್ಲಿ ಲೆಕ್ಕ ಹಾಕಿದರೆ, ಸರಾಸರಿ ಹತ್ತಿಪ್ಪತ್ತು ಪರಮಾಣುಗಳಿಗೆ ಒಂದರಂತೆ ಜಾಗ ಬಿಟ್ಟು ಎದ್ದಿರುತ್ತೆ. ಇಷ್ಟೇನಾ ಅನ್ನಿಸಬಹುದು. ಇಷ್ಟೇ ಆಗಿದ್ದರೆ ಉಕ್ಕು ಹೇಗೋ ತಾಳಿಕೊಳ್ಳುತ್ತಿತ್ತು.

ತುಕ್ಕು ಹಿಡಿಯಬಾರದು ಅಂತ ಬಳಿದ ತಾಮ್ರ

ಈ ಕಥೆಯ ಖಳನಾಯಕ ನ್ಯೂಟ್ರಾನ್ ಅಂದುಕೊಂಡಿದ್ದರೆ ತಾಳಿ. ನನ್ನ ಪ್ರಕಾರ ನಿಜವಾದ ಖಳನಾಯಕ ತಾಮ್ರ. ಅದೂ ಎಷ್ಟು? ನೂರು ಗ್ರಾಂ ಉಕ್ಕಿನಲ್ಲಿ ಕಾಲು ಗ್ರಾಂ!

ಪಾತ್ರೆಯನ್ನು ಒಂದೇ ತುಂಡಿನಲ್ಲಿ ಮಾಡಲು ಆಗುವುದಿಲ್ಲ. ತಟ್ಟೆಗಳನ್ನೋ ಉಂಗುರಗಳನ್ನೋ ಜೋಡಿಸಿ ವೆಲ್ಡಿಂಗ್ ಮಾಡಬೇಕು. 1960ರ ದಶಕದಲ್ಲಿ ವೆಲ್ಡಿಂಗ್ ತಂತಿ ಗೋದಾಮಿನಲ್ಲಿ ತುಕ್ಕು ಹಿಡಿಯದಿರಲಿ ಎಂದು ಅದಕ್ಕೆ ತೆಳುವಾಗಿ ತಾಮ್ರ ಲೇಪಿಸುತ್ತಿದ್ದರು. ಒಳ್ಳೆಯ ಪದ್ಧತಿ, ಯಾರಿಗೂ ಅನುಮಾನ ಬರಲಿಲ್ಲ. ಆ ತಾಮ್ರ ಕರಗಿ ಬೆಸುಗೆಯೊಳಗೆ ಸೇರಿಕೊಂಡಿತು.

ಕುದಿಯುವ ಪಾಕದಲ್ಲಿ ಎಷ್ಟು ಸಕ್ಕರೆ ಹಾಕಿದರೂ ಕರಗುತ್ತೆ, ಆರಿದ ಮೇಲೆ ಹೆಚ್ಚಿನದ್ದು ಹರಳುಗಟ್ಟುತ್ತೆ. ಕಬ್ಬಿಣದಲ್ಲಿ ತಾಮ್ರವೂ ಹಾಗೇ. ವೆಲ್ಡಿಂಗ್ ಬಿಸಿಯಲ್ಲಿ ಕರಗಿದ್ದ ತಾಮ್ರಕ್ಕೆ 290 ಡಿಗ್ರಿಯಲ್ಲಿ ಕಬ್ಬಿಣದ ಸಹವಾಸ ಬೇಡ. ಬೇರೆಯಾಗಿ ತನ್ನವರ ಜೊತೆ ಗುಂಪುಗೂಡುವ ಆಸೆ. ಆದರೆ ಚಲಿಸಲು ಜಾಗವೇ ಇಲ್ಲ. ಪೀಕ್ ಅವರ್‌ನಲ್ಲಿ ಮೆಜೆಸ್ಟಿಕ್ ಮೆಟ್ರೊ ಹತ್ತಿದವರಿಗೆ ಇದು ಗೊತ್ತು: ಬಾಗಿಲ ಕಡೆ ಹೋಗಬೇಕು, ಆದರೆ ಮುಂದಿನವರು ಸರಿದು ಒಂದು ಜಾಗ ಖಾಲಿಯಾಗುವವರೆಗೆ ಒಂದಿಂಚೂ ಅಲ್ಲಾಡೋಕಾಗಲ್ಲ.

ಆ ಖಾಲಿ ಜಾಗಗಳನ್ನು ಒದಗಿಸುವುದೇ ನ್ಯೂಟ್ರಾನ್. ಹೆಜ್ಜೆಹೆಜ್ಜೆಗೆ ಖಾಲಿ ಸೀಟು ಸಿಕ್ಕಿದ್ದೇ ತಡ, ತಾಮ್ರದ ಪರಮಾಣುಗಳು ನಡೆದು ನಡೆದು ಒಂದೆಡೆ ಸೇರುತ್ತವೆ. ಒಂದೊಂದು ಗುಂಪಿನ ಅಗಲ ಎರಡು ಮೂರು ನ್ಯಾನೊಮೀಟರ್. ತಲೆಗೂದಲಿನ ದಪ್ಪದಲ್ಲಿ ಇಂಥವನ್ನು ಇಪ್ಪತ್ತು ಮೂವತ್ತು ಸಾವಿರ ಸಾಲಾಗಿ ನಿಲ್ಲಿಸಬಹುದು. ನ್ಯೂಟ್ರಾನ್ ಇಲ್ಲದಿದ್ದರೆ ಆ ಬಿಸಿಯಲ್ಲಿ ತಾಮ್ರ ಇಷ್ಟು ಬೇಗ ಒಂದುಗೂಡುವ ಮಾತೇ ಇರಲಿಲ್ಲ.

ಇದನ್ನು ಕಣ್ಣಾರೆ ನೋಡಿದ್ದು ಬಹಳ ಆಮೇಲೆ. ಆಟಂ ಪ್ರೋಬ್ ಎಂಬ ಉಪಕರಣದಲ್ಲಿ ಉಕ್ಕಿನ ಚೂರನ್ನು ಸೂಜಿಗಿಂತ ಚೂಪಾಗಿ ಮಾಡಿ, ತುದಿಯಿಂದ ಪರಮಾಣುಗಳನ್ನು ಒಂದೊಂದಾಗಿ ಕಿತ್ತು, ಯಾವುದು ಎಲ್ಲಿತ್ತು ಅಂತ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತಾರೆ. ಕಬ್ಬಿಣದ ಬಯಲಲ್ಲಿ ತಾಮ್ರದ ಪುಟ್ಟ ಪುಟ್ಟ ಮೋಡಗಳು ತೇಲುವ ಆ ಚಿತ್ರಗಳು ನಿಜಕ್ಕೂ ಚೆಂದ. ಚೆಂದ ಅಂತ ಹೇಳಬಾರದೇನೋ!

ಗಟ್ಟಿಯಾದರೆ ತೊಂದರೆ ಏನು?

ಇಷ್ಟು ಸಣ್ಣ ಮೋಡಗಳಿಂದ 20 ಸೆಂಟಿಮೀಟರ್ ದಪ್ಪದ ಗೋಡೆಗೆ ಏನಾಗುತ್ತೆ?

ಮದುವೆ ಮನೆಯಲ್ಲಿ ಹಾಸಿದ ದೊಡ್ಡ ಜಮಖಾನ ಸರಿಸಬೇಕು ಅನ್ನಿ. ಪೂರ್ತಿ ಎಳೆಯಲು ಹತ್ತು ಜನ ಬೇಕು. ಬುದ್ಧಿವಂತರು ಒಂದು ತುದಿಯಲ್ಲಿ ಸುಕ್ಕು ಮಾಡಿ, ಆ ಸುಕ್ಕನ್ನು ಕಾಲಿನಿಂದ ನೂಕುತ್ತಾ ಇನ್ನೊಂದು ತುದಿಗೆ ಒಯ್ಯುತ್ತಾರೆ. ಲೋಹ ಬಾಗುವುದೂ ಹೀಗೇ. ಪರಮಾಣುಗಳ ಸಾಲಿನಲ್ಲಿರುವ ಇಂಥ ಸುಕ್ಕುಗಳು ಜಾರುವುದರಿಂದಲೇ ಉಕ್ಕು ಒಡೆಯದೆ ಬಾಗುತ್ತೆ. ಈಗ ಜಮಖಾನದ ಮೇಲೆ ಅಲ್ಲಲ್ಲಿ ಮೊಳೆ ಹೊಡೆದರೆ? ಸುಕ್ಕು ಅಲ್ಲಲ್ಲೇ ಸಿಕ್ಕಿಕೊಳ್ಳುತ್ತೆ. ತಾಮ್ರದ ಗುಂಪುಗಳು ಮಾಡುವುದು ಆ ಮೊಳೆಗಳ ಕೆಲಸ.

ಹಾಗಾಗಿ ಉಕ್ಕು ಮೊದಲಿಗಿಂತ ಗಟ್ಟಿಯಾಗುತ್ತೆ. ಹೌದು, ಗಟ್ಟಿ! ಆದರೆ ಗಟ್ಟಿಯಾದದ್ದೆಲ್ಲ ಬಾಳಿಕೆ ಬರುವುದಿಲ್ಲ. ಬಾಗಲು ಆಗದ ಉಕ್ಕು ಪೆಟ್ಟು ಬಿದ್ದಾಗ ಗಾಜಿನಂತೆ ಸೀಳುತ್ತೆ. ಪೆಡಸಾಗುವುದು ಅಂತ ನಮ್ಮಲ್ಲಿ ಒಳ್ಳೆಯ ಮಾತೇ ಇದೆ.

ಈ ಜಾತಿಯ ಉಕ್ಕು ಬಿಸಿಯಲ್ಲಿ ಬಾಗುತ್ತೆ, ತೀರಾ ತಣ್ಣಗಾದರೆ ಪೆಡಸಾಗುತ್ತೆ. ಹೊಸ ಉಕ್ಕಿನಲ್ಲಿ ಈ ಗಡಿ ಸೊನ್ನೆ ಡಿಗ್ರಿ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುತ್ತೆ, ರಿಯಾಕ್ಟರಿಗೆ ಆ ಚಳಿ ತಟ್ಟುವುದೇ ಇಲ್ಲ. ನ್ಯೂಟ್ರಾನ್ ತಿಂದ ಹಾಗೆಲ್ಲ ಗಡಿ ಮೇಲಕ್ಕೆ ಏರುತ್ತೆ. 50 ಡಿಗ್ರಿ, 80 ಡಿಗ್ರಿ, 100 ಡಿಗ್ರಿ. ರಾಂಚೊ ಸೆಕೊದಲ್ಲಿ ನೀರು 140ಕ್ಕೆ ಇಳಿದದ್ದು ನೆನಪಿದೆಯಲ್ಲ? ಭಯ ಯಾಕೆ ಅಂತ ಈಗ ಅರ್ಥವಾಗಿರಬೇಕು. 1985ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ ಹೊಸ ನಿಯಮ ತಂದು ಒಂದು ಗೆರೆ ಎಳೆಯಿತು: ತಟ್ಟೆಗಳಿಗೆ ಮತ್ತು ಉದ್ದುದ್ದ ಬೆಸುಗೆಗಳಿಗೆ 132 ಡಿಗ್ರಿ, ಸುತ್ತು ಬೆಸುಗೆಗಳಿಗೆ 149 ಡಿಗ್ರಿ. ಗಡಿ ಇದನ್ನು ದಾಟುವಂತಿದ್ದರೆ, ಪಾತ್ರೆ ಸುರಕ್ಷಿತ ಅಂತ ಪ್ರತ್ಯೇಕವಾಗಿ ಸಾಬೀತು ಮಾಡಿ ತೋರಿಸಬೇಕು.

ಗಡಿ ಎಲ್ಲಿದೆ ಅಂತ ತಿಳಿಯುವುದು ಹೇಗೆ? ಓಡುತ್ತಿರುವ ಪಾತ್ರೆಯನ್ನು ಕೊಯ್ದು ನೋಡುವಂತಿಲ್ಲ. ಅದಕ್ಕೆ ಹಿರಿಯರು ಒಂದು ಉಪಾಯ ಮಾಡಿದ್ದರು. ಪಾತ್ರೆ ತಯಾರಿಸಿದ ಅದೇ ಉಕ್ಕಿನ, ಅದೇ ಬೆಸುಗೆಯ ಬೆರಳುದ್ದದ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ಪಾತ್ರೆಯ ಒಳಗೇ ತೂಗುಹಾಕುವುದು, ಗೋಡೆಗಿಂತ ಇಂಧನಕ್ಕೆ ತುಸು ಹತ್ತಿರ. ಅವು ಗೋಡೆಗಿಂತ ಬೇಗ ಮುದಿಯಾಗುತ್ತವೆ. ಕೆಲವು ವರ್ಷಕ್ಕೊಮ್ಮೆ ಒಂದು ಡಬ್ಬಿ ಹೊರತೆಗೆದು, ತುಂಡುಗಳನ್ನು ಬೇರೆ ಬೇರೆ ಬಿಸಿಯಲ್ಲಿ ಲೋಲಕದಂಥ ಸುತ್ತಿಗೆಯಿಂದ ಹೊಡೆದು ಮುರಿಯುತ್ತಾರೆ. ಫ್ರಾನ್ಸಿನ ಜಾರ್ಜ್ ಶಾರ್ಪಿ 1901ರಲ್ಲಿ ರೂಢಿಗೆ ತಂದ ಪರೀಕ್ಷೆ ಇದು, ಇವತ್ತಿಗೂ ಅದೇ. ತುಂಡು ಮುರಿಯಲು ಎಷ್ಟು ಶಕ್ತಿ ಬೇಕಾಯಿತು ಅನ್ನುವುದರಿಂದ ಗೋಡೆಯ ನಾಳಿನ ಸ್ಥಿತಿ ಇವತ್ತೇ ಗೊತ್ತಾಗುತ್ತೆ. ಇವನ್ನು ಸಾಕ್ಷಿ ತುಂಡುಗಳು ಅಂತ ಕರೆಯೋಣ.

ಸಾಕ್ಷಿ ಇದ್ದವರು, ಇಲ್ಲದವರು

ಅಮೆರಿಕದ ಮ್ಯಾಸಚೂಸೆಟ್ಸ್ ಬೆಟ್ಟಗಳ ನಡುವಿನ ಯಾಂಕಿ ರೋ ಸ್ಥಾವರ 1960ರಲ್ಲಿ ಶುರುವಾಯಿತು. ಪುಟ್ಟದು, 185 ಮೆಗಾವಾಟ್. ಚೆನ್ನಾಗಿ ಓಡುತ್ತಿತ್ತು. 1990ರ ಹೊತ್ತಿಗೆ ಪರವಾನಗಿ ವಿಸ್ತರಣೆ ಎಂಬ ಹೊಸ ಯೋಜನೆ ಬಂದಾಗ, ಈ ಬಗೆಯ ರಿಯಾಕ್ಟರುಗಳ ಪೈಕಿ ಮಾದರಿ ಅಂತ ಆರಿಸಿಕೊಂಡಿದ್ದೇ ಇದನ್ನು. ವಿಸ್ತರಣೆಗಾಗಿ ಕಡತ ಬಿಚ್ಚಿದಾಗ ಒಂದೊಂದೇ ತೊಡಕು ಹೊರಬಂತು. ಸಾಕ್ಷಿ ತುಂಡುಗಳ ಪರೀಕ್ಷೆ ಆರಂಭದ ವರ್ಷಗಳಲ್ಲೇ ನಿಂತುಹೋಗಿತ್ತು. ಬೆಸುಗೆಯಲ್ಲಿ ತಾಮ್ರ ಎಷ್ಟಿದೆ ಎಂಬ ಖಚಿತ ದಾಖಲೆ ಇರಲಿಲ್ಲ. ಸಾಲದ್ದಕ್ಕೆ ಈ ಪಾತ್ರೆ ಬೇರೆಯವಕ್ಕಿಂತ ಕಡಿಮೆ ಬಿಸಿಯಲ್ಲಿ ಓಡುತ್ತಿತ್ತು. ಬಿಸಿ ಕಡಿಮೆಯಾದಷ್ಟೂ ಉಕ್ಕು ಗಾಯ ಮಾಯಿಸಿಕೊಳ್ಳುವುದು ಕಡಿಮೆ, ಪೆಡಸಾಗುವುದು ಹೆಚ್ಚು.

ಪಾತ್ರೆಯಲ್ಲಿ ಬಿರುಕು ಕಂಡಿತ್ತೇ? ಇಲ್ಲ. ಅದು ಅಪಾಯಕಾರಿ ಅಂತ ಸಾಬೀತಾಗಿತ್ತೇ? ಅದೂ ಇಲ್ಲ. ಸುರಕ್ಷಿತ ಅಂತ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ, ಅಷ್ಟೇ. 1991ರ ಅಕ್ಟೋಬರ್ 1ರಂದು ಸ್ಥಾವರ ನಿಂತಿತು. ಪರೀಕ್ಷೆ ನಡೆಸಿ ಮತ್ತೆ ಶುರು ಮಾಡುವ ಖರ್ಚು ಲೆಕ್ಕ ಹಾಕಿದ ಮಾಲೀಕರು 1992ರ ಫೆಬ್ರುವರಿಯಲ್ಲಿ ಶಾಶ್ವತವಾಗಿ ಮುಚ್ಚುವುದಾಗಿ ಹೇಳಿದರು. ಪರವಾನಗಿ ಅವಧಿ ಇನ್ನೂ ಎಂಟು ವರ್ಷ ಬಾಕಿ ಇತ್ತು. ಈಗ ಆ ಜಾಗದಲ್ಲಿ ಸ್ಥಾವರದ ಕಟ್ಟಡಗಳೇ ಇಲ್ಲ.

ಈಗ ಫಿನ್‌ಲೆಂಡಿಗೆ ಬನ್ನಿ. ಹೆಲ್ಸಿಂಕಿಯಿಂದ ಪೂರ್ವಕ್ಕೆ ಸಮುದ್ರ ತೀರದಲ್ಲಿ ಲೊವೀಸಾ ಸ್ಥಾವರ. ಸೋವಿಯತ್ ವಿನ್ಯಾಸದ ರಿಯಾಕ್ಟರ್, 1977ರಲ್ಲಿ ಶುರು. ಇದರದ್ದು ಹುಟ್ಟಿನಿಂದಲೇ ಬಂದ ತೊಂದರೆ: ರೈಲಿನಲ್ಲಿ ಸಾಗಿಸಲು ಆಗುವಂತೆ ಪಾತ್ರೆಯನ್ನು ಸಪೂರವಾಗಿ ಮಾಡಿದ್ದರು. ಗೋಡೆ ಇಂಧನಕ್ಕೆ ತೀರಾ ಹತ್ತಿರ, ನಡುವೆ ನೀರು ಕಡಿಮೆ, ನ್ಯೂಟ್ರಾನ್ ಏಟು ಜಾಸ್ತಿ. ಜೊತೆಗೆ ಇಂಧನದ ಎದುರಿಗೇ ಒಂದು ಸುತ್ತು ಬೆಸುಗೆ, ಅದರಲ್ಲಿ ತಾಮ್ರ ಮತ್ತು ರಂಜಕ.

ಆದರೆ ಇಲ್ಲಿ ಸಾಕ್ಷಿ ತುಂಡುಗಳಿದ್ದವು. 1980ರ ಹೊತ್ತಿಗೇ ಅವು ಹೇಳಿದವು: ಅಂದುಕೊಂಡದ್ದಕ್ಕಿಂತ ಬೇಗ ಪೆಡಸಾಗುತ್ತಿದೆ. ಫಿನ್ನಿಷ್ ಎಂಜಿನಿಯರುಗಳು ಅಂಚಿನ 36 ಇಂಧನ ಕಟ್ಟುಗಳನ್ನು ತೆಗೆದು ಆ ಜಾಗಕ್ಕೆ ಬರೀ ಉಕ್ಕಿನ ಕಟ್ಟುಗಳನ್ನು ಇಟ್ಟರು. ಗೋಡೆಗೆ ತಾಗುವ ನ್ಯೂಟ್ರಾನ್ ಕಡಿಮೆಯಾಯಿತು. ಆಪತ್ತಿನಲ್ಲಿ ನುಗ್ಗಿಸುವ ತಣ್ಣೀರಿನಿಂದ ಗೋಡೆಗೆ ಆಘಾತ ಆಗಬಾರದು ಅಂತ ಆ ನೀರನ್ನು ಮೊದಲೇ ಬೆಚ್ಚಗೆ ಇಡುವ ಏರ್ಪಾಡಾಯಿತು. ಸ್ನಾನಕ್ಕೆ ನೀರು ಬೆರೆಸಿಕೊಳ್ಳುವಷ್ಟು ಸಾದಾ ಐಡಿಯಾ!

1996ರಲ್ಲಿ ಇನ್ನೂ ಒಂದು ಹೆಜ್ಜೆ. ಇಂಧನ, ನೀರು, ಒಳಗಿನ ಭಾಗಗಳನ್ನೆಲ್ಲ ತೆಗೆದು, ಉಂಗುರದಂಥ ವಿದ್ಯುತ್ ಒಲೆಯನ್ನು ಪಾತ್ರೆಯೊಳಗೆ ಇಳಿಸಿ ಆ ಬೆಸುಗೆಯನ್ನು 475 ಡಿಗ್ರಿಯಲ್ಲಿ 100 ಗಂಟೆ ಕಾಯಿಸಿದರು. ಕುಲುಮೆಯಲ್ಲಿ ಕಮ್ಮಾರ ಪೆಡಸಾದ ಲೋಹವನ್ನು ಕಾಯಿಸಿ ಹದಕ್ಕೆ ತರುವ ಹಳೆಯ ವಿದ್ಯೆಯೇ ಇದು. ಆ ಬಿಸಿಗೆ ಖಾಲಿ ಜಾಗಗಳ ಗುಂಪುಗಳು ಕರಗುತ್ತವೆ. ತಾಮ್ರದ ಸಾವಿರಾರು ಪುಟ್ಟ ಮೋಡಗಳಲ್ಲಿ ಒಂದಷ್ಟು ಚದುರಿ, ಉಳಿದವು ಕೆಲವೇ ದೊಡ್ಡ ಮುದ್ದೆಗಳಾಗುತ್ತವೆ. ಜಮಖಾನದ ಮೊಳೆಗಳು ವಿರಳವಾದರೆ ಸುಕ್ಕು ಮತ್ತೆ ಜಾರುತ್ತೆ. ಕಳೆದುಹೋಗಿದ್ದ ತಾಳಿಕೆಯ ಬಹುಭಾಗ ವಾಪಸ್. ರಷ್ಯಾದಲ್ಲಿ ಇದೇ ಬಗೆಯ ನೊವೊವೊರೊನೆಜ್ ಮೂರನೇ ಘಟಕಕ್ಕೆ 1987ರಲ್ಲೇ ಈ ಚಿಕಿತ್ಸೆ ಆಗಿತ್ತು. ಲೊವೀಸಾ ಇನ್ನೂ ಓಡುತ್ತಿದೆ. 2023ರಲ್ಲಿ ಫಿನ್‌ಲೆಂಡ್ ಸರ್ಕಾರ ಅದಕ್ಕೆ 2050ರವರೆಗೆ ಪರವಾನಗಿ ಕೊಟ್ಟಿದೆ.

ಯಾಂಕಿ ರೋ ಪಾತ್ರೆ ಲೊವೀಸಾದ್ದಕ್ಕಿಂತ ಕೆಟ್ಟದಾಗಿತ್ತೋ ಇಲ್ಲವೋ ಯಾರೂ ಖಚಿತವಾಗಿ ಹೇಳಲಾರರು. ಅದರ ಬಗ್ಗೆ ಗೊತ್ತಿದ್ದದ್ದೇ ಕಡಿಮೆ.

ನಮ್ಮ ಕೈಗಾ ಕಥೆ ಏನು?

ಕಾರವಾರದ ಕಡೆಯವರು ಈ ಹೊತ್ತಿಗೆ ಕೇಳಿಯೇ ಕೇಳುತ್ತಾರೆ. ಕೈಗಾದಲ್ಲಿ ಇಂಥ ಒಂಟಿ ದಪ್ಪ ಪಾತ್ರೆ ಇಲ್ಲ. ಅದು ಭಾರಜಲದ ರಿಯಾಕ್ಟರ್. ಒಂದೊಂದು 220 ಮೆಗಾವಾಟ್ ಘಟಕದಲ್ಲೂ 306 ಅಡ್ಡ ಕೊಳವೆಗಳಿದ್ದು, ಒತ್ತಡ ತಾಳುವುದು ಅವು. ಅವು ಉಕ್ಕಿನವಲ್ಲ, ಜಿರ್ಕೋನಿಯಂ ಮತ್ತು ನಯೋಬಿಯಂ ಮಿಶ್ರಲೋಹದವು. ನ್ಯೂಟ್ರಾನ್ ಅವನ್ನೂ ಬಿಡುವುದಿಲ್ಲ, ವರ್ಷ ಕಳೆದಂತೆ ಕೊಳವೆ ತುಸು ಉದ್ದವಾಗುತ್ತೆ, ನಡುವೆ ಜೋತುಬೀಳುತ್ತೆ. ಅನುಕೂಲ ಅಂದರೆ ಕೊಳವೆಗಳನ್ನು ಬದಲಿಸಬಹುದು. ನಮ್ಮ ದೇಶದ ಹಳೆಯ ಘಟಕಗಳಲ್ಲಿ ಅಷ್ಟನ್ನೂ ಒಟ್ಟಿಗೆ ಬದಲಿಸಿದ್ದಾರೆ.

ಉಕ್ಕಿನ ಪಾಠ ನಮಗೆ ಸಿಕ್ಕಿದ್ದು ರಾಜಸ್ಥಾನದ ರಾವತ್‌ಭಾಟಾದಲ್ಲಿ. ಅಲ್ಲಿನ ಮೊದಲ ಘಟಕದ ಎರಡು ತುದಿಗಳಲ್ಲಿ ವಿಕಿರಣ ತಡೆಯುವ ಎಂಡ್ ಶೀಲ್ಡ್ ಎಂಬ ಭಾರಿ ಭಾಗಗಳಿದ್ದವು, ಶೇ 3.5ರಷ್ಟು ನಿಕ್ಕಲ್ ಬೆರೆತ ಉಕ್ಕಿನವು. ನ್ಯೂಟ್ರಾನ್ ಏಟಿಗೆ ಈ ಉಕ್ಕು ಬೇಗ ಪೆಡಸಾಗುತ್ತೆ. 1980ರ ದಶಕದ ಆರಂಭದಲ್ಲಿ ದಕ್ಷಿಣ ತುದಿಯ ಶೀಲ್ಡ್ ಬಿರುಕುಬಿಟ್ಟು ನೀರು ಸೋರಿತು. ಆ ಘಟಕ ಮತ್ತೆಂದೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ನಂತರದ ಸ್ಥಾವರಗಳಲ್ಲಿ ಎಂಡ್ ಶೀಲ್ಡಿಗೆ ಸ್ಟೇನ್‌ಲೆಸ್ ಸ್ಟೀಲ್ ಬಂತು, ಕೈಗಾದಲ್ಲಿ ಇರುವುದೂ ಅದೇ. ಸ್ಟೇನ್‌ಲೆಸ್ ಸ್ಟೀಲಿನ ಈ ಬಗೆಯಲ್ಲಿ ಪರಮಾಣುಗಳ ಜೋಡಣೆಯೇ ಬೇರೆ. ತಣ್ಣಗಾದ ಕೂಡಲೇ ಪೆಡಸಾಗುವ ಆ ಗಡಿಯೇ ಅದಕ್ಕಿಲ್ಲ.

ಹಾಗಂತ ಸ್ಟೇನ್‌ಲೆಸ್ ಸ್ಟೀಲ್ ಅಮರ ಅಂದುಕೊಳ್ಳಬೇಡಿ. ಫಾಸ್ಟ್ ರಿಯಾಕ್ಟರಿನಲ್ಲಿ ಇಂಧನದ ಹೊರಕವಚಕ್ಕೆ ಅದನ್ನೇ ಬಳಸುತ್ತಾರೆ. ಅಲ್ಲಿ ಏಟು ಎಷ್ಟೆಂದರೆ ಪ್ರತಿಯೊಂದು ಪರಮಾಣುವೂ ಹತ್ತಾರು ಸಲ ಜಾಗ ಬದಲಿಸಿರುತ್ತೆ. 1967ರಲ್ಲಿ ಸ್ಕಾಟ್ಲೆಂಡಿನ ಡೌನ್‌ರೇ ರಿಯಾಕ್ಟರಿನ ಉಕ್ಕನ್ನು ಪರೀಕ್ಷಿಸಿದ ಕಾಥಾರ್ನ್ ಮತ್ತು ಫುಲ್ಟನ್ ಎಂಬ ವಿಜ್ಞಾನಿಗಳು ಒಳಗೆ ಪುಟ್ಟ ಪುಟ್ಟ ಪೊಳ್ಳುಗಳಿವೆ ಅಂತ ವರದಿ ಮಾಡಿದಾಗ ಎಲ್ಲರೂ ಬೆಚ್ಚಿದರು. ಖಾಲಿ ಜಾಗಗಳು ಒಟ್ಟುಗೂಡಿ ಇಡ್ಲಿಯೊಳಗಿನ ತೂತುಗಳ ಹಾಗೆ ಆಗಿದ್ದವು. ಇಡ್ಲಿಯ ಹಾಗೆಯೇ ಉಕ್ಕೂ ಉಬ್ಬುತ್ತೆ! ಕಲ್ಪಾಕಂನ ಫಾಸ್ಟ್ ರಿಯಾಕ್ಟರಿನ ಇಂಧನ ಕವಚಕ್ಕೆ ಟೈಟಾನಿಯಂ ಬೆರೆಸಿದ ಡಿ9 ಎಂಬ ಉಕ್ಕನ್ನು ಆರಿಸಿಕೊಂಡಿದ್ದು ಈ ಉಬ್ಬುವಿಕೆಯನ್ನು ಮುಂದೂಡಲಿಕ್ಕೆ.

ಎಂಬತ್ತು ವರ್ಷಕ್ಕೆ ಸಾಕ್ಷಿ ಎಲ್ಲಿಂದ?

ಈ ಹಳೆಯ ಉಕ್ಕಿನ ಮಾತು ಈಗ ಯಾಕೆ ಅಂದರೆ, ಜಗತ್ತಿಗೆ ಇದ್ದಕ್ಕಿದ್ದಂತೆ ಹಳೆಯ ರಿಯಾಕ್ಟರುಗಳ ಮೇಲೆ ಪ್ರೀತಿ ಬಂದಿದೆ. ಎಐ ಡೇಟಾ ಸೆಂಟರುಗಳ ವಿದ್ಯುತ್ ಹಸಿವಿಗೆ ಹೊಸದು ಕಟ್ಟುವಷ್ಟು ತಾಳ್ಮೆ ಇಲ್ಲ. 2019ರಲ್ಲಿ ನಿಂತಿದ್ದ ತ್ರೀ ಮೈಲ್ ಐಲ್ಯಾಂಡ್ ಒಂದನೇ ಘಟಕವನ್ನು ಮತ್ತೆ ಓಡಿಸಿ ಅದರ ವಿದ್ಯುತ್ ಕೊಳ್ಳುವ ಒಪ್ಪಂದವನ್ನು ಮೈಕ್ರೋಸಾಫ್ಟ್ 2024ರಲ್ಲಿ ಮಾಡಿಕೊಂಡಿತು. 40 ವರ್ಷಕ್ಕೆಂದು ಕಟ್ಟಿದ ಹಲವು ಸ್ಥಾವರಗಳಿಗೆ ಅಮೆರಿಕ 80 ವರ್ಷದವರೆಗೆ ಪರವಾನಗಿ ಕೊಡುತ್ತಿದೆ.

1970ರ ದಶಕದಿಂದ ಈಚೆಗೆ ಹೊಸ ಪಾತ್ರೆಗಳ ಉಕ್ಕಿನಲ್ಲಿ ತಾಮ್ರವನ್ನು ಬಿಗಿಯಾಗಿ ಹಿಡಿತದಲ್ಲಿಟ್ಟಿದ್ದಾರೆ. ಅಲ್ಲಿಗೆ ಮುಗಿಯಿತೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಒಡೆಟ್ ಬಹಳ ಹಿಂದೆಯೇ ಎಚ್ಚರಿಸಿದ್ದರು: ತಾಮ್ರ ಇಲ್ಲದಿದ್ದರೂ ಮ್ಯಾಂಗನೀಸ್, ನಿಕ್ಕಲ್, ಸಿಲಿಕಾನ್ ಸೇರಿ ತಡವಾಗಿ, ದಶಕಗಳ ನಂತರ, ಇಂಥದ್ದೇ ಗುಂಪುಗಳನ್ನು ಕಟ್ಟಬಹುದು. ತಡವಾಗಿ ಅರಳುವುವು ಅಂತ ಅವಕ್ಕೆ ಹೆಸರೇ ಬಿದ್ದಿದೆ. ಜಾಸ್ತಿ ನ್ಯೂಟ್ರಾನ್ ತಿನ್ನಿಸಿದ ಮಾದರಿಗಳಲ್ಲಿ ಆಟಂ ಪ್ರೋಬ್ ಅವನ್ನು ತೋರಿಸಿಯೂ ಇದೆ. ಎಂಬತ್ತನೇ ವರ್ಷದಲ್ಲಿ ಅವು ಗೋಡೆಯಲ್ಲಿ ಎಷ್ಟು ಇರುತ್ತವೆ ಎನ್ನುವುದೇ ಈಗಿನ ಚರ್ಚೆ.

ಅದನ್ನು ತಿಳಿಯಲು ಮತ್ತೆ ಸಾಕ್ಷಿ ತುಂಡುಗಳೇ ಬೇಕು. 40 ವರ್ಷದ ಲೆಕ್ಕ ಹಾಕಿ ಡಬ್ಬಿಗೆ ತುಂಬಿದ್ದವು ಹಲವೆಡೆ ಮುಗಿಯುತ್ತಾ ಬಂದಿವೆ, ಆಗಿನ ಉಕ್ಕನ್ನು ಈಗ ಹೊಸದಾಗಿ ಮಾಡಲು ಬರುವುದಿಲ್ಲ. ಆದ್ದರಿಂದ ಪ್ರಯೋಗಾಲಯಗಳು ದಶಕಗಳ ಹಿಂದೆ ಸುತ್ತಿಗೆ ಏಟಿಗೆ ಮುರಿದ ತುಂಡುಗಳ ಅರ್ಧಗಳನ್ನು ಸೀಸದ ಡಬ್ಬಿಗಳಿಂದ ಮತ್ತೆ ಹೊರತೆಗೆಯುತ್ತಿವೆ. ದಪ್ಪ ಗಾಜಿನ ಆಚೆ ಯಾಂತ್ರಿಕ ಕೈಗಳಿಂದ ಹಿಡಿದು, ಒಂದು ಅರ್ಧದಿಂದ ನಾಲ್ಕು ಮಿಲಿಮೀಟರ್ ದಪ್ಪದ ಬಿಲ್ಲೆಗಳನ್ನು ಕೊಯ್ದು, ಒಂದೊಂದಕ್ಕೂ ಬೇಕೆಂದೇ ಸಣ್ಣ ಬಿರುಕು ಮಾಡಿ, ಎಷ್ಟು ಎಳೆದರೆ ಆ ಬಿರುಕು ಓಡುತ್ತೆ ಅಂತ ಅಳೆಯುತ್ತಿದ್ದಾರೆ.